ಮ್ಯಾಪಿನಲ್ಲಿ ಮುಚ್ಚಿಹೋದ ಅಂಗಡಿ

ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಮೂರು ವರ್ಷ ಆಫೀಸು ಇಟ್ಟುಕೊಂಡಿದ್ದ ವೆಬ್‌ಸೈಟ್ ಮಾಡುವವನ ಬಗ್ಗೆ ಒಳ್ಳೆಯ ಮಾತಾಡುವವರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಮೆಟ್ಟಿಲಲ್ಲಿ ಹಿರಿಯರು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಗಣೇಶ ಕೂರಿಸುವವರು ಬಂದರೆ ಒಳಗೆ ಕರೆದು ಕಾಫಿ ಕೊಟ್ಟು ಚಂದಾ ಬರೆಸುತ್ತಿದ್ದ. ಕಾರನ್ನು ಯಾರ ಗೇಟಿಗೂ ಅಡ್ಡ ನಿಲ್ಲಿಸಿದವನಲ್ಲ. ಇದೆಲ್ಲ ನಿಜ. ನನಗೂ ಅವನು ಬಹಳ ಹಿಡಿಸಿದ್ದ. ಅವನನ್ನು ನೆನೆದಾಗ ಈಗ ಹುಟ್ಟುವ ಅಸಹ್ಯದಲ್ಲಿ ಒಂದು ಪಾಲು ಅದಕ್ಕೇ ನನ್ನ ಕಡೆಗೂ ತಿರುಗುತ್ತದೆ.

ನಮ್ಮದು ಬಿಳೇಕಹಳ್ಳಿಯ ಹಳೇ ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ನಾನು ಕಟ್ಟಡ ಕಟ್ಟಿ ಬಾಡಿಗೆಯಲ್ಲಿ ಬದುಕುತ್ತಿದ್ದೇನೆ. ಕೆಳಗೆ ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಮತ್ತು ಗಾಡಿ ನಿಲ್ಲಿಸುವ ಜಾಗ, ಮೊದಲ ಮಹಡಿಯಲ್ಲಿ ಆ ಆಫೀಸು, ಎರಡನೆಯದರಲ್ಲಿ ನಾನು ಮತ್ತು ನನ್ನ ಹೆಂಡತಿ, ಮೇಲೆ ತಾರಸಿಗೆ ಶೀಟು ಹೊದಿಸಿ ಮಾಡಿದ ಒಂದು ಪಾರ್ಟಿ ಹಾಲ್. ಹಾಲ್ ಅಂದರೆ ದೊಡ್ಡದೇನಲ್ಲ. ನಾಮಕರಣ, ಸೀಮಂತ, ಮಗುವಿನ ಮೊದಲ ಹುಟ್ಟುಹಬ್ಬ, ಇಷ್ಟಕ್ಕೆ ಸಾಕು. ಎಂಬತ್ತು ಜನ ಕೂತರೆ ಎಂಬತ್ತೊಂದನೆಯವರು ಮೆಟ್ಟಿಲ ಮೇಲೆ ನಿಂತು ಊಟ ಮಾಡಬೇಕು.

ಕೆಳಗಿನ ಅಂಗಡಿಯವರನ್ನು ಬೀದಿಯೆಲ್ಲ ಮಿಕ್ಸಿ ಅಣ್ಣ ಅನ್ನುತ್ತದೆ. ತುಮಕೂರು ಕಡೆಯವರು, ನನಗಿಂತ ನಾಲ್ಕು ವರ್ಷ ಚಿಕ್ಕವರು. ಮಿಕ್ಸಿ, ಗ್ರೈಂಡರ್, ಫ್ರಿಡ್ಜು, ವಾಷಿಂಗ್ ಮಷೀನು ರಿಪೇರಿ ಮಾಡುತ್ತಾ ಇಪ್ಪತ್ತು ವರ್ಷಕ್ಕೂ ಮೇಲಾಗಿ ಆ ಅಂಗಡಿಯಲ್ಲಿದ್ದಾರೆ. ಬಾಯಿ ಸ್ವಲ್ಪ ಒರಟು. ಮಿಕ್ಸಿಯಲ್ಲಿ ಅರಿಶಿನದ ಕೊಂಬು ಹಾಕಿ ಮೋಟರ್ ಸುಟ್ಟುಕೊಂಡು ಬಂದವರನ್ನು ಬೈಯದೆ ಕಳಿಸಿದವರಲ್ಲ. ಆದರೆ ಬಿಚ್ಚಿ ತೆಗೆದ ಹಳೇ ಭಾಗವನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುತ್ತಾರೆ. ಸರಿಹೋಗದ ಯಂತ್ರವನ್ನು ಸರಿಹೋಗುತ್ತದೆ ಅಂತ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಯಾರೋ ಗಿರಾಕಿ ಎಷ್ಟೋ ವರ್ಷದ ಹಿಂದೆ ಅವರ ಅಂಗಡಿಯನ್ನು ಫೋನಿನ ಮ್ಯಾಪಿಗೆ ಸೇರಿಸಿದ್ದರು. ಅಂದಿನಿಂದ ಜೆ.ಪಿ. ನಗರದಿಂದ, ಹುಳಿಮಾವಿನ ಅಪಾರ್ಟ್‌ಮೆಂಟುಗಳಿಂದ ಫೋನು ಬರಲು ಶುರುವಾಗಿತ್ತು. ಅದು ಹೇಗೆ, ಏನು ಎಂದು ಅವರು ತಲೆ ಕೆಡಿಸಿಕೊಂಡವರಲ್ಲ. ಫೋನು ಬರುತ್ತಿತ್ತು, ಕೆಲಸ ಇರುತ್ತಿತ್ತು.

ಮಹಡಿಗೆ ಬಂದವನಿಗೆ ಮೂವತ್ತೈದರ ಆಸುಪಾಸು. ಜೊತೆಗೆ ನಾಲ್ಕು ಜನ ಕೆಲಸದವರು. ಅಗ್ರಿಮೆಂಟಿಗೆ ಸಹಿ ಹಾಕುವ ದಿನ ನಾನು ಅವನ ಉದ್ಯೋಗ ಏನೆಂದು ಕೇಳಿದೆ.

"ವೆಬ್‌ಸೈಟ್ ಮಾಡ್ತೀವಿ ಅಂಕಲ್. ಮೇನ್ ಆಗಿ ಎಸ್ಇಒ. ಅಂದ್ರೆ ಜನ ಫೋನಲ್ಲಿ ಏನಾದ್ರೂ ಹುಡುಕಿದಾಗ ನಮ್ಮ ಕಸ್ಟಮರ್ ಹೆಸರು ಎಲ್ಲರಿಗಿಂತ ಮೇಲೆ ಬರಬೇಕು. ಅದನ್ನ ನೋಡ್ಕೋತೀವಿ."

"ಕ್ಯೂನಲ್ಲಿ ಮುಂದಕ್ಕೆ ನುಗ್ಗಿಸೋ ಕೆಲಸ ಅನ್ನಿ."

"ಸಖತ್ತಾಗ್ ಹೇಳಿದ್ರಿ ಅಂಕಲ್!" ಎಂದು ಮನಸಾರೆ ನಕ್ಕ. ನಾನು ತಮಾಷೆಗೆ ಹೇಳಿದ್ದೆ. ಅವನಿಗೆ ಅದರಲ್ಲಿ ತಮಾಷೆ ಕಂಡದ್ದು ಯಾಕೆಂದು ಆಮೇಲೆ ತಿಳಿಯಿತು.

ಬಂದ ಎರಡನೇ ತಿಂಗಳಲ್ಲೇ, ನಾನು ಕೇಳದಿದ್ದರೂ, ನನ್ನ ಹಾಲಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟ. ತೆರೆದು ನೋಡಿದರೆ ಗಾಜಿನ ತೂಗುದೀಪ, ಕೆಂಪು ಕಂಬಳಿ ಹಾಸಿದ ವೇದಿಕೆ, ಅರಮನೆಯಂಥ ಕಂಬಗಳು. ಇದು ನಮ್ಮ ಹಾಲಲ್ಲವಲ್ಲಪ್ಪ ಎಂದೆ. "ಅದು ಸುಮ್ನೆ ಒಂದು ಐಡಿಯಾ ಕೊಡಕ್ಕೆ ಅಂಕಲ್, ಎಲ್ಲರೂ ಹಾಕ್ತಾರೆ" ಎಂದ. ವಾರದೊಳಗೆ ಹಾಲಿನ ಬಗ್ಗೆ ಅಭಿಪ್ರಾಯಗಳೂ ಬಂದುಬಿದ್ದವು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಒಂದನ್ನು ಗಟ್ಟಿಯಾಗಿ ಓದಿದಳು: "ನಮ್ಮ ಮಗಳ ಆರತಕ್ಷತೆ ಇಲ್ಲೇ ಮಾಡಿದೆವು. ಏಸಿ ತುಂಬಾ ತಂಪಾಗಿತ್ತು. ಎರಡು ಬಸ್ಸು ನಿಲ್ಲಿಸಲೂ ಜಾಗ ಇದೆ."

ನಮ್ಮ ಹಾಲಿನಲ್ಲಿರುವುದು ಆರು ಫ್ಯಾನು, ಅದರಲ್ಲಿ ಒಂದು ಕಿರುಗುಟ್ಟುತ್ತದೆ. ನಮ್ಮ ಬೀದಿಗೆ ಬಸ್ಸು ತಿರುಗುವುದೇ ಇಲ್ಲ.

"ಯಾರ ಮಗಳು ರೀ ಇದು?" ಎಂದು ಕೇಳಿದಳು.

"ಯಾರೋ ಇರಬೇಕು ಬಿಡು" ಎಂದೆ. ಬುಕಿಂಗು ಹೆಚ್ಚಾಗಿತ್ತು. ನೋಡಲು ಬಂದವರಲ್ಲಿ ಅರ್ಧ ಜನ ಮೂಗು ಮುರಿದು ಹೋಗುತ್ತಿದ್ದರೂ ಉಳಿದರ್ಧ, ಬಂದದ್ದಾಯಿತಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಒಮ್ಮೆ ಬನಶಂಕರಿಯಿಂದ ಒಬ್ಬರು ಹೆಂಡತಿಯ ಸೀಮಂತಕ್ಕೆ ಹಾಲ್ ನೋಡಲು ಬಂದರು. ಲ್ಯಾಪ್‌ಟಾಪ್ ತಂದಿದ್ದರು. ನನ್ನ ವೆಬ್‌ಸೈಟಿನಿಂದ ಫೋನ್ ನಂಬರ್ ನಕಲು ಮಾಡಿಕೊಳ್ಳಲು ಮೌಸ್ ಎಳೆದಾಗ, ಖಾಲಿ ಬಿಳಿ ಜಾಗ ನೀಲಿಯಾಗಿ ಅದರೊಳಗಿಂದ ಅಕ್ಷರಗಳು ಮೇಲೆದ್ದವು. ಜಯನಗರ, ಬನಶಂಕರಿ ಕಡೆಯ ದೊಡ್ಡ ದೊಡ್ಡ ಕಲ್ಯಾಣ ಮಂಟಪಗಳ ಹೆಸರು, ಒಂದಾದ ಮೇಲೊಂದು, ಪುಟದ ತುಂಬ.

"ಇದೇನ್ ಸಾರ್? ನಾನು ಹುಡುಕ್ತಾ ಇದ್ದಿದ್ದು ಈ ಮೂರನೇ ಹೆಸರನ್ನ. ಅದಕ್ಕೇನಾ ನಿಮ್ದು ಬಂದಿದ್ದು?"

ನನಗೆ ಗೊತ್ತಿಲ್ಲ ಎಂದೆ. ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಲ್ಯಾಪ್‌ಟಾಪ್ ಮಡಚಿ, ನಮಸ್ಕಾರ ಕೂಡ ಹೇಳದೆ ಇಳಿದು ಹೋದರು. ನಾನು ಮೊದಲ ಮಹಡಿಗೆ ಹೋಗಿ ಕೇಳಿದೆ. ಅವನು ಖುಷಿಯಿಂದ ವಿವರಿಸಿದ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರೆದರೆ ಮನುಷ್ಯರಿಗೆ ಕಾಣುವುದಿಲ್ಲವಂತೆ, ಹುಡುಕುವ ಯಂತ್ರ ಮಾತ್ರ ಓದಿಕೊಳ್ಳುತ್ತದಂತೆ.

"ಓಲ್ಡ್ ಟ್ರಿಕ್ ಅಂಕಲ್. ದೊಡ್ಡ ಕ್ಲೈಂಟ್‌ಗಳಿಗೆಲ್ಲ ಹಾಕಲ್ಲ, ಸಿಕ್ಕಿಹಾಕ್ಕೋತೀವಿ. ನಿಮ್ದು ಸಣ್ಣದಲ್ವಾ, ಸಾಕು ಅಂತ ಹಾಕ್ದೆ."

ನಾಚಿಕೆಯ ವಿಷಯವೆಂದರೆ, ಆ ಮೋಸಕ್ಕಿಂತ 'ನಿಮ್ದು ಸಣ್ಣದಲ್ವಾ' ಎಂಬ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಅದನ್ನು ತೆಗೆ ಎಂದು ಹೇಳಲಿಲ್ಲ.

ಅದಾಗಿ ಕೆಲವು ತಿಂಗಳಲ್ಲಿ ನಮ್ಮ ಗೇಟಿನ ಮುಂದೆ ಗುರುತಿಲ್ಲದವರ ಜಗಳ ಶುರುವಾಯಿತು. ಮೊದಲು ಬಂದವರು ಹುಳಿಮಾವಿನ ಒಬ್ಬ ಹೆಂಗಸು. ಸ್ಕೂಟರ್ ಸ್ಟ್ಯಾಂಡ್ ಹಾಕುವ ಮೊದಲೇ ಕೂಗಾಡತೊಡಗಿದ್ದರು. ಅವರ ವಾಷಿಂಗ್ ಮಷೀನ್ ನೋಡಲು ಬಂದ ಟೆಕ್ನಿಷಿಯನ್ ಒಳಗಿನ ಸರ್ಕ್ಯೂಟ್ ಬೋರ್ಡು ಬಿಚ್ಚಿಕೊಂಡು ಹೋದವನು ಪತ್ತೆಯಿಲ್ಲ, ಫೋನೂ ಎತ್ತುತ್ತಿಲ್ಲ.

"ನಮ್ಮ ಬೋರ್ಡ್ ಎಲ್ರೀ? ನಾಚ್ಕೆ ಆಗಲ್ವಾ ನಿಮಗೆ?"

ಮಿಕ್ಸಿ ಅಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು ಬಂದರು. "ಮೇಡಂ, ನಾನು ಯಾರನ್ನೂ ಯಾರ ಮನೆಗೂ ಕಳಿಸಲ್ಲ. ಇಲ್ಲಿರೋದು ನಾನೊಬ್ನೇ."

ಆಕೆ ಫೋನು ತೋರಿಸಿದರು. ಯಾವುದೋ 'ಅಥರೈಸ್ಡ್ ಸರ್ವೀಸ್ ಸೆಂಟರ್'. ಅದರ ಕೆಳಗೆ ನಮ್ಮ ಕಟ್ಟಡದ ನಂಬರು, ನಮ್ಮ ಕಟ್ಟಡದ್ದೇ ಫೋಟೊ. ಯಾರೋ ತಪ್ಪಾಗಿ ಹಾಕಿರಬೇಕು ಎಂದು ನಾನೇ ಸಮಾಧಾನ ಹೇಳಿದೆ. ಆಕೆ ನಂಬಲಿಲ್ಲ. ಆಮೇಲೆ ಫ್ರಿಡ್ಜಿನವರು ಬಂದರು, ನೀರಿನ ಫಿಲ್ಟರಿನವರು ಬಂದರು, ಟೀವಿಯವರು ಬಂದರು. ಎಲ್ಲರೂ ಬೈದದ್ದು ಮಿಕ್ಸಿ ಅಣ್ಣನನ್ನೇ. ಆ ವಿಳಾಸದಲ್ಲಿ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಾಣುತ್ತಿದ್ದವರು ಅವರೊಬ್ಬರೇ. ಮಹಡಿಯವನು ಆ ಗಲಾಟೆಗಳ ನಡುವೆಯೇ ಎಷ್ಟೋ ಸಲ ಮೆಟ್ಟಿಲಿಳಿದು, ಎಲ್ಲರಿಗೂ ದಾರಿ ಬಿಟ್ಟು, ಕಾರು ಹತ್ತಿ ಹೋಗಿದ್ದಾನೆ.

ಇದೇ ಹೊತ್ತಿಗೆ ಮಿಕ್ಸಿ ಅಣ್ಣನ ಫೋನು ಸದ್ದಡಗಿತ್ತು. ಬೀದಿಯವರು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಮಧ್ಯಾಹ್ನ ಹೊತ್ತು ಕುರ್ಚಿಯನ್ನು ಹೊರಗೆ ಹಾಕಿಕೊಂಡು ಕೂರುವುದು ಅಭ್ಯಾಸವಾಯಿತು.

"ಜನಕ್ಕೆ ಈಗ ರಿಪೇರಿ ಬೇಡ ಅಣ್ಣ. ಕೆಟ್ರೆ ಬಿಸಾಕಿ ಹೊಸದು ತಗೋತಾರೆ" ಎಂದರು ಒಂದು ದಿನ.

ಹೌದೆಂದೆ. ಅಷ್ಟೇ ಅಲ್ಲ, ಕಾಲ ಹೇಗೆ ಬದಲಾಯಿತು, ಜನಕ್ಕೆ ಹೇಗೆ ತಾಳ್ಮೆಯಿಲ್ಲ ಎಂದು ನಿಂತುಕೊಂಡು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

ನಿಜ ಸಂಗತಿ ಹೊರಬಿದ್ದದ್ದು ಜಯನಗರದ ಒಬ್ಬ ಅಜ್ಜಿಯಿಂದ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಗೇಟಿನ ಹತ್ತಿರ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಆಟೋದಿಂದ ಇಳಿದವರು ನೇರ ನನ್ನ ಹತ್ತಿರ ಬಂದರು.

"ಇಲ್ಲಿ ಮಿಕ್ಸಿ ರಿಪೇರಿಯವರು ಇದ್ರಲ್ಲಪ್ಪ, ಅವರ ಮನೆ ಎಲ್ಲಿ?"

"ಯಾಕಮ್ಮ?"

"ಹೋಗ್ಬಿಟ್ರಂತಲ್ಲ. ಅವರ ಹೆಂಡತೀನ ಒಂದ್ಸಲ ಮಾತಾಡ್ಸ್ಕೊಂಡ್ ಹೋಗೋಣ ಅಂತ ಬಂದೆ."

ಮಿಕ್ಸಿ ಅಣ್ಣ ಅಂಗಡಿಯೊಳಗೆ ಬಗ್ಗಿಕೊಂಡು ಏನನ್ನೋ ಹುಡುಕುತ್ತಿದ್ದರು. ಮಾತು ಕೇಳಿ ಎದ್ದು ನಿಂತರು. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ಇದ್ದೀರಲ್ಲಪ್ಪಾ!"

"ಎಲ್ಲಿಗೆ ಹೋಗ್ಲಿ ತಾಯಿ?"

ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟೆವು. ಅವರ ಗ್ರೈಂಡರ್ ಕೆಟ್ಟು, ಸೊಸೆ ಫೋನಿನಲ್ಲಿ ಹುಡುಕಿದಾಗ ಅಂಗಡಿ ಶಾಶ್ವತವಾಗಿ ಮುಚ್ಚಿದೆ ಎಂದು ತೋರಿಸಿತಂತೆ. ಅಲ್ಲಿದ್ದ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿ, ಅವರೀಗ ಇಲ್ಲ, ನಿಮ್ಮ ಕಂಪ್ಲೇಂಟ್ ಹೇಳಿ ಅಂದರಂತೆ. "ಇಷ್ಟು ವರ್ಷದಲ್ಲಿ ನೀವು ಬಾಗಿಲು ಹಾಕಿದ್ದನ್ನೇ ನಾನು ನೋಡಿಲ್ಲ. ಶಾಶ್ವತವಾಗಿ ಮುಚ್ಚಿದೆ ಅಂದ್ರೆ ನಾನೇನಂದ್ಕೊಳ್ಳಿ?" ಎಂದು ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು.

ನಾನು ನನ್ನ ಫೋನು ತೆಗೆದು ನೋಡಿದೆ. ಮಿಕ್ಸಿ ಅಣ್ಣನ ಅಂಗಡಿಯ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ'. ಅದರ ಪಕ್ಕದಲ್ಲೇ ಅದೇ ವಿಳಾಸದ ಸರ್ವೀಸ್ ಸೆಂಟರ್, ಐದು ನಕ್ಷತ್ರ, ಮೊದಲ ಮಹಡಿ. ಮೊದಲ ಮಹಡಿ ಎಂದು ಓದಿದಾಗ ನನ್ನ ಕಿವಿ ಬಿಸಿಯಾಯಿತು. ಮಿಕ್ಸಿ ಅಣ್ಣ ಫೋನು ಇಸಿದುಕೊಂಡು, ಅಕ್ಷರ ಅಕ್ಷರವಾಗಿ ಓದಿ, ವಾಪಸ್ಸು ಕೊಟ್ಟರು.

"ನಾನು ಬಾಗಿಲು ತೆಗೆದು ಕೂತಿದೀನಲ್ಲ ಅಣ್ಣ" ಎಂದರು. ಅಷ್ಟೇ.

ನಾನು ಮೆಟ್ಟಿಲು ಹತ್ತಿದೆ. ಆಫೀಸಿನಲ್ಲಿ ಏಸಿ ಹಾಕಿಕೊಂಡು ಐದೂ ಜನ ಕೆಲಸ ಮಾಡುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದವರ ಕಂಪ್ಯೂಟರಿನಲ್ಲಿ ಯಾವುದೋ ಹಲ್ಲಿನ ಆಸ್ಪತ್ರೆಯ ಬಗ್ಗೆ, ತಾವೇ ಹಲ್ಲು ಕೀಳಿಸಿಕೊಂಡವರ ಹಾಗೆ, ನೋವೇ ಆಗಲಿಲ್ಲ ಎಂದು ಟೈಪು ಆಗುತ್ತಿತ್ತು.

"ಕೆಳಗಿನ ಅಂಗಡಿ ಮುಚ್ಚಿದೆ ಅಂತ ಮ್ಯಾಪಲ್ಲಿ ಹಾಕಿದ್ದು ಯಾರು?"

ಅವನು ಸುಳ್ಳು ಹೇಳಲಿಲ್ಲ. ಇದನ್ನು ಅವನ ಒಳ್ಳೆಯತನದ ಲೆಕ್ಕಕ್ಕೆ ಸೇರಿಸೋಣವೆಂದು ಆಮೇಲೆ ಯೋಚಿಸಿದ್ದುಂಟು. ಆದರೆ ಸುಳ್ಳು ಹೇಳಬೇಕಾದಂಥದ್ದು ಇದರಲ್ಲಿ ಏನಿದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ.

"ಅದಾ ಅಂಕಲ್? ಒಂದೇ ಅಡ್ರೆಸ್‌ನಲ್ಲಿ ಒಂದೇ ಥರದ್ದು ಎರಡು ಲಿಸ್ಟಿಂಗ್ ಇದ್ರೆ ಪ್ರಾಬ್ಲಂ ಆಗತ್ತೆ. ಅವರದ್ದು ಹಳೇದು, ರಿವ್ಯೂಸ್ ಜಾಸ್ತಿ. ನಮ್ದು ಮೇಲೆ ಬರ್ತಾನೇ ಇರ್ಲಿಲ್ಲ. ಅದಕ್ಕೆ ಬೇರೆ ಬೇರೆ ಅಕೌಂಟಿಂದ ಕ್ಲೋಸ್ ಆಗಿದೆ ಅಂತ ರಿಪೋರ್ಟ್ ಮಾಡಿದ್ವಿ, ನಂಬರ್ ಚೇಂಜ್ ಮಾಡಿದ್ವಿ. ಪರ್ಸನಲ್ ಏನಿಲ್ಲ."

"ನಿಮ್ಮ ಮನೆ ಮಿಕ್ಸಿ ಸರಿ ಮಾಡ್ಕೊಟ್ಟಿದ್ದು ಅವರೇ ಅಲ್ವಾ?"

"ಹೌದು ಅಂಕಲ್, ಸೂಪರ್ ಕೆಲಸ" ಎಂದ. ಮನಃಪೂರ್ವಕವಾಗಿ ಹೇಳಿದ, ಅದೇ ನನಗೆ ಇವತ್ತಿಗೂ ಅರಗದ ವಿಷಯ.

"ಈ ಸರ್ವೀಸ್ ಸೆಂಟರ್ ಎಲ್ಲಿದೆ?"

"ಎಲ್ಲೂ ಇಲ್ಲ. ಫೋನ್ ಬಂದ್ರೆ ಬೊಮ್ಮನಹಳ್ಳಿ ಕಡೆ ಒಬ್ರಿಗೆ ಕೊಟ್ಬಿಡ್ತೀವಿ. ಆಮೇಲೆ ಅವರುಂಟು, ಕಸ್ಟಮರ್ ಉಂಟು."

"ಅವರು ಜನರ ಮನೆಯಿಂದ ಬೋರ್ಡ್ ಬಿಚ್ಕೊಂಡ್ ಹೋಗ್ತಿದಾರೆ."

"ಅದು ನಮ್ಮ ಸ್ಕೋಪ್‌ಗೆ ಬರಲ್ಲ ಅಂಕಲ್." ಆಮೇಲೆ, ಸ್ವಲ್ಪವೂ ಸ್ವರ ಏರಿಸದೆ ಅಂದ: "ನಿಮ್ಮ ಹಾಲ್‌ಗೂ ಇದೇ ಥರ ಮಾಡಿದ್ದು. ಆವಾಗ ನೀವೇನೂ ಅನ್ಲಿಲ್ಲವಲ್ಲ?"

ಟೈಪು ಮಾಡುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಅವನು ಹೇಳಿದ್ದು ಸರಿಯಾಗಿತ್ತು, ಮತ್ತು ಅಂಥವನ ಬಾಯಿಂದ ಸರಿಯಾದ ಮಾತು ಕೇಳಬೇಕಾಗಿ ಬಂದದ್ದು ನನ್ನ ಯೋಗ್ಯತೆಗೆ ತಕ್ಕದ್ದಾಗಿತ್ತು.

"ಹಾಲ್‌ದೂ ತೆಗಿ. ಎಲ್ಲಾನೂ ತೆಗಿ. ತೆಗೆದು ಜಾಗ ಖಾಲಿ ಮಾಡು" ಎಂದೆ.

ಆಗ ಅವನ ಮುಖ ಮೊದಲ ಬಾರಿ ಕೆಂಪಾಯಿತು. "ಅಂಕಲ್, ಏಕವಚನ ಬೇಡ. ನಾನು ಯಾವತ್ತಾದ್ರೂ ನಿಮ್ಮ ಹತ್ರ ಮರ್ಯಾದೆ ಬಿಟ್ಟು ಮಾತಾಡಿದೀನಾ?"

ಇಲ್ಲ, ಮಾತಾಡಿರಲಿಲ್ಲ. ಬದುಕಿರುವ ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಅಂಗಡಿಯನ್ನು ಕೂತಲ್ಲಿಂದಲೇ ಅಳಿಸಿಹಾಕಿ ರಾತ್ರಿ ಸುಖವಾಗಿ ಮಲಗುವವನಿಗೆ ಬಹುವಚನದ ಮೇಲೆ ಅಷ್ಟು ಅಕ್ಕರೆ. ನಾನು ಬಾಗಿಲು ಎಳೆದುಕೊಂಡು ಬಂದೆ.

ಸಂಜೆ ಅವನು ಕೆಳಗಿಳಿದು ಅಂಗಡಿಯ ಮುಂದೆ ನಿಂತ. ನಾನೂ ಅಲ್ಲೇ ಇದ್ದೆ. ಅಷ್ಟರಲ್ಲಿ ಮಿಕ್ಸಿ ಅಣ್ಣನಿಗೆ ಎಲ್ಲ ಹೇಳಿಯಾಗಿತ್ತು, ನನ್ನ ಹಾಲಿನ ಸಂಗತಿಯೂ ಸೇರಿ.

"ಬೇಜಾರ್ ಮಾಡ್ಕೋಬೇಡಿ ಅಣ್ಣ" ಎಂದ ಅವನು. "ನಿಮಗೂ ಒಂದು ಪ್ಯಾಕೇಜ್ ಮಾಡ್ಕೊಡ್ತೀನಿ. ಇಡೀ ಬನ್ನೇರುಘಟ್ಟ ರೋಡಲ್ಲಿ ನಿಮ್ಮದೇ ಫಸ್ಟ್ ಬರೋ ಹಾಗೆ ಮಾಡೋಣ. ಬೇರೆ ಯಾವ ಅಂಗಡೀನೂ ಕಾಣ್ಬಾರ್ದು, ಹಾಗೆ."

ಮಿಕ್ಸಿ ಅಣ್ಣ ಅವನ ಮುಖ ನೋಡಲಿಲ್ಲ. ಮುಂದಿದ್ದ ಮಿಕ್ಸಿಯ ಗುಂಡಿ ಮೂರಕ್ಕೆ ತಿರುಗಿಸಿದರು. ಜಾರ್ ಇಲ್ಲದ ಮೋಟರ್ ಕಿರಿಚಿಕೊಂಡಿತು. ಅವನು ಇನ್ನೇನೋ ಹೇಳಿದ, ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಅವನು ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ಇವರು ಆ ಗುಂಡಿ ಬಂದ್ ಮಾಡಲಿಲ್ಲ.

ಅವನು ಎರಡೇ ತಿಂಗಳಲ್ಲಿ ಬಿ.ಟಿ.ಎಂ. ಲೇಔಟಿಗೆ ಹೋದ. ಸರ್ವೀಸ್ ಸೆಂಟರನ್ನು ನಮ್ಮ ವಿಳಾಸದಿಂದ ತೆಗೆದ, ನನ್ನ ವೆಬ್‌ಸೈಟನ್ನೂ ಅಳಿಸಿದ. ಆದರೆ ಮುಚ್ಚಿದ ಅಂಗಡಿಯನ್ನು ತೆರೆಯುವುದು ಅವನ ಕೈಯಲ್ಲಿಲ್ಲವಂತೆ, ಅದನ್ನು ಅಂಗಡಿಯವರೇ ಸಾಬೀತು ಮಾಡಬೇಕಂತೆ. ನಾನು ಅಂಗಡಿಯ ಫೋಟೊ ತೆಗೆದು ಮ್ಯಾಪಿನ ಕಂಪನಿಗೆ ಕಳಿಸಿದೆ. ಒಪ್ಪಲಿಲ್ಲ. ಕರೆಂಟ್ ಬಿಲ್ಲು ಕಳಿಸಿದೆ, ಅದು ನನ್ನ ಹೆಸರಿನಲ್ಲಿತ್ತು, ಒಪ್ಪಲಿಲ್ಲ. ಕೊನೆಗೆ ವಿಡಿಯೊ ಕೇಳಿದರು. ರಸ್ತೆ, ಬೋರ್ಡು, ಒಳಗಿನ ಸಾಮಾನು, ಯಜಮಾನರು ತಮ್ಮ ಕೈಯಾರೆ ಬೀಗ ತೆಗೆಯುವುದು, ಎಲ್ಲ ಒಂದೇ ಸಲಕ್ಕೆ ಕಾಣಬೇಕು.

ಮಿಕ್ಸಿ ಅಣ್ಣ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಆಗಲೇ ತೆರೆದಿದ್ದ ಶಟರ್ ಎಳೆದು ಬೀಗ ಹಾಕಿ, ನಾನು ಸರಿ ಎಂದ ಮೇಲೆ ಮತ್ತೆ ತೆಗೆದರು. ಮೊದಲ ಸಲ ನಾನು ಗುಂಡಿ ಒತ್ತುವುದನ್ನೇ ಮರೆತಿದ್ದೆ. ಎರಡನೇ ಸಲ ಒಬ್ಬರು ಅಡ್ಡ ಬಂದು, ಏನು ಶೂಟಿಂಗಾ ಎಂದು ಕೇಳಿದರು. ಮೂರನೇ ಸಲ ಬೀಗ ತೆಗೆಯುವಾಗ ಮಿಕ್ಸಿ ಅಣ್ಣನ ಕಣ್ಣಲ್ಲಿ ನೀರಿತ್ತು. ನಾನು ಏನೂ ಕಾಣದವನಂತೆ ಫೋನನ್ನು ಬೋರ್ಡಿನ ಕಡೆಗೆ ತಿರುಗಿಸಿದೆ.

ಮೂರು ವಾರದ ನಂತರ ಆ ಕೆಂಪಕ್ಷರ ಹೋಯಿತು. ಆದರೆ ಬೋರ್ಡು ಕಳೆದುಕೊಂಡವರು, ದುಡ್ಡು ಕೊಟ್ಟು ಕೆಟ್ಟವರು, ಇಲ್ಲಿ ಕಂಡ ಅಂಗಡಿಯ ಹೆಸರು ನೋಡಿಕೊಂಡು ಹೋಗಿ ಸಿಟ್ಟಿನಲ್ಲಿ ಬರೆದ ಬೈಗುಳವೆಲ್ಲ ಮಿಕ್ಸಿ ಅಣ್ಣನ ಹೆಸರಿನ ಕೆಳಗೇ ಉಳಿದಿತ್ತು. ಕಳ್ಳ, ವಂಚಕ, ಇವನ ಹತ್ತಿರ ಹೋಗಬೇಡಿ. ಅಳಿಸಲು ಬರುವುದಿಲ್ಲ, ಉತ್ತರ ಬರೆಯಬಹುದು ಅಷ್ಟೇ. ಒಂದು ಮಧ್ಯಾಹ್ನ ನಾನು ಒಂದೊಂದಾಗಿ ಓದಿದೆ, ಮಿಕ್ಸಿ ಅಣ್ಣ ಹೇಳಿದಂತೆ ಉತ್ತರ ಬರೆದೆ. ನಾನು ದೊಡ್ಡದಾಗಿ, ನಡೆದದ್ದೆಲ್ಲ ವಿವರಿಸಿ, ಆ ಏಜೆನ್ಸಿಯವನ ಮಾನ ಕಳೆದು ಬರೆಯೋಣವೆಂದಿದ್ದೆ.

"ಅಷ್ಟುದ್ದ ಯಾರು ಓದ್ತಾರೆ ಅಣ್ಣ? ನಾನು ಹೇಳಿದಷ್ಟು ಹಾಕಿ. 'ಮೇಡಂ, ಅದು ನಾನಲ್ಲ. ಆದರೂ ಮಷೀನ್ ತಂದರೆ ನೋಡಿಕೊಡುತ್ತೇನೆ.'"

ಹುಳಿಮಾವಿನ ಹೆಂಗಸು ಬಂದರು. ಇವರು ಎಲ್ಲಿಂದಲೋ ಹಳೇ ಬೋರ್ಡು ಹುಡುಕಿ ತಂದು ಮಷೀನು ಓಡುವಂತೆ ಮಾಡಿದರು. ಆಕೆ ತಾನು ಬರೆದದ್ದನ್ನು ಅಳಿಸಿದರು, ತಪ್ಪಾಯಿತು ಎನ್ನಲಿಲ್ಲ. ಉಳಿದವರಲ್ಲಿ ಇಬ್ಬರೋ ಮೂವರೋ ಬಂದರು, ಬಹಳ ಜನ ಬರಲೇ ಇಲ್ಲ. ಫೋನು ಈಗ ಮತ್ತೆ ಬರುತ್ತದೆ, ಮೊದಲಿನಷ್ಟಲ್ಲ.

ನನ್ನ ಹಾಲನ್ನು ಈಗ ಗುರುತಿನವರು ಬಿಟ್ಟರೆ ಯಾರೂ ಕೇಳುವುದಿಲ್ಲ. ಬರುವವರಿಗೆ ಫ್ಯಾನು ಆರೇ ಎಂದು ಮೊದಲೇ ಹೇಳಿಬಿಡುತ್ತೇನೆ. ಮಹಡಿಯಲ್ಲಿ ಹೊಲಿಗೆ ಕಲಿಸುವ ಒಬ್ಬರು ಬಂದಿದ್ದಾರೆ. ಅವನ ಆಫೀಸನ್ನು ಒಮ್ಮೆ ಬಸ್ಸಿನಿಂದ ನೋಡಿದೆ. ಗಾಜಿನ ಮುಂಭಾಗ, ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ, ಇಂಗ್ಲಿಷಿನಲ್ಲಿ ನಂಬಿಕೆಯ ಬಗ್ಗೆ ಏನೋ ಬರೆದ ಉದ್ದನೆಯ ಫಲಕ. ಕೆಲಸದವರು ಈಗ ಇಪ್ಪತ್ತು ಮೂವತ್ತು ಜನ ಇರಬಹುದು. ಅವರೆಲ್ಲ ಕೂತು ಏನು ಬರೆಯುತ್ತಿರುತ್ತಾರೆಂದು ನನಗೆ ಗೊತ್ತು. ಸಿಗ್ನಲ್ ಬಿಡುವವರೆಗೂ ಆ ಫಲಕವನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ಬಸ್ಸು ಹೊರಟಿತು.